ಜಾಯಿಕಾಯಿ ಎಷ್ಟು, ಯಾವಾಗ: ನಿದ್ದೆಗೆ ನಾನು ಬಳಸುವ ಸೊಪ್ಪು, ಬೇರು, ಬೀಜಗಳು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಇರುವ ನಮ್ಮ ತೋಟದಲ್ಲಿ ಅಡಿಕೆ ಮರಗಳ ನಡುವೆ ಎರಡು ಜಾಯಿಕಾಯಿ ಮರ ಇವೆ. ಮಳೆಗಾಲದಲ್ಲಿ ಕಾಯಿ ಬಿರಿದು ಒಳಗಿನ ಕೆಂಪು ಜಾಪತ್ರೆ ಕಾಣುತ್ತದೆ. ಕೆಳಗೆ ಬಿದ್ದದ್ದನ್ನು ಬೆಳಗ್ಗೆ ಆರಿಸಿ ತಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇವೆ. ಚೆನ್ನಾಗಿ ಒಣಗಿದರೆ ಚಿಪ್ಪಿನೊಳಗೆ ಬೀಜ ಗಲಗಲ ಎನ್ನುತ್ತದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದನ್ನು ಆರಿಸಿದ್ದೇನೆ, ಒಣಗಿಸಿದ್ದೇನೆ, ಮಾರಿದ್ದೇನೆ. ಎಷ್ಟು ತಿನ್ನಬೇಕು ಎಂಬುದು ಮಾತ್ರ ನನಗೆ ಗೊತ್ತಾದದ್ದು ಆಸ್ಪತ್ರೆಯ ಮಂಚದ ಮೇಲೆ.

ನಾನು 31 ವರ್ಷ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದವಳು. ತಿಂಗಳಲ್ಲಿ ಏಳೆಂಟು ದಿನ ನೈಟ್ ಡ್ಯೂಟಿ ಇದ್ದೇ ಇರುತ್ತಿತ್ತು. ನಿವೃತ್ತಿ ಆದ ಮೇಲೆ ಕಣ್ತುಂಬಾ ನಿದ್ದೆ ಮಾಡಬಹುದು ಅಂದುಕೊಂಡಿದ್ದೆ. ಆಗಿದ್ದು ಬೇರೆ. ರಾತ್ರಿ ಹತ್ತಕ್ಕೆ ಮಲಗಿದರೆ ಹನ್ನೆರಡಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಮುಚ್ಚಿದರೂ ಎರಡು ಗಂಟೆಗೆ ಎಚ್ಚರ. ವಾರ್ಡಿನಲ್ಲಿ ರೌಂಡ್ಸ್ ಹೋಗುತ್ತಿದ್ದ ಹೊತ್ತು ಅದು. ಮೈಗೆ ಆ ಗಡಿಯಾರ ಅಂಟಿಕೊಂಡುಬಿಟ್ಟಿತ್ತು.

ಒಂದು ರಾತ್ರಿ ಅರ್ಧ ಜಾಯಿಕಾಯಿ ತುರಿದು ಹಾಲಿಗೆ ಹಾಕಿ ಕುಡಿದೆ. ಒಂದೂವರೆ ಗಂಟೆ ಕಾದೆ. ಏನೂ ಆಗಲಿಲ್ಲ. ಉಳಿದ ಅರ್ಧವನ್ನೂ ತುರಿದು ಕುಡಿದೆ. ಮೂರು ಗಂಟೆ ಹೊತ್ತಿಗೆ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಬಾಯಿ ಹತ್ತಿಯಂತೆ ಒಣಗಿತು. ಗೋಡೆ ಹತ್ತಿರ ಬಂದು ದೂರ ಹೋದಂತೆ ಕಾಣುತ್ತಿತ್ತು. ನಮ್ಮನೆಯವರು ಜೀಪು ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾಡಿ ನಿಮಿಷಕ್ಕೆ 130 ಇತ್ತು. ಮರುದಿನ ಸಂಜೆಯವರೆಗೆ ತಲೆ ಮಂಕು. ವಾಪಸ್ ಬಂದಾಗ ಅತ್ತೆ ಜಗಲಿಯಲ್ಲೇ ಕೂತಿದ್ದರು. "ಎಷ್ಟು ಹಾಕಿಕೊಂಡೆ ಮಾರಾಯ್ತಿ?" ಅಂದರು. ಒಂದು ಇಡೀ ಕಾಯಿ ಅಂದೆ. ಅವರು ಹಣೆ ಹಿಡಿದುಕೊಂಡರು. "ಇಡೀ ಕಾಯಿ ಒಂದು ಮನೆಗೆ ಒಂದು ವರ್ಷಕ್ಕೆ ಸಾಕಲ್ಲೇ!"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿದ್ದೆಗೆ ಅಂತ ನಮ್ಮ ಅಡುಗೆಮನೆಯಲ್ಲೂ ಔಷಧಿ ಅಂಗಡಿಯಲ್ಲೂ ಬೇಕಾದಷ್ಟು ಇವೆ. ಅಳತೆ ಮತ್ತು ಹೊತ್ತು ತಿಳಿದು ಬಳಸಿದರೆ ಅವು ಸ್ವಲ್ಪ ನೆರವಾಗುತ್ತವೆ. ತಿಳಿಯದೆ ಬಳಸಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ.

ಮೊದಲು ಎರಡು ವಾರ ಬರೆದಿಡಿ

ಏನನ್ನೂ ತೆಗೆದುಕೊಳ್ಳುವ ಮೊದಲು ಒಂದು ನೋಟ್‌ಬುಕ್ ಇಡಿ. ನಾವು ವಾರ್ಡಿನಲ್ಲಿ ಚಾರ್ಟ್ ಬರೆಯುತ್ತಿದ್ದ ಹಾಗೆ. ಮಲಗಿದ್ದು ಎಷ್ಟಕ್ಕೆ, ನಿದ್ದೆ ಬಂದದ್ದು ಸುಮಾರು ಎಷ್ಟಕ್ಕೆ, ಎಷ್ಟು ಸಲ ಎಚ್ಚರ, ಎದ್ದದ್ದು ಎಷ್ಟಕ್ಕೆ, ಕೊನೆಯ ಕಾಫಿ ಕುಡಿದದ್ದು ಎಷ್ಟಕ್ಕೆ. ಅಷ್ಟೇ ಸಾಕು. ಬೆಳಗ್ಗೆ ಎದ್ದ ಮೇಲೆ ಬರೆಯಿರಿ. ರಾತ್ರಿ ಗಡಿಯಾರ ನೋಡುತ್ತಾ ಬರೆಯಬೇಡಿ. ಅದರಿಂದ ಇನ್ನೂ ಎಚ್ಚರ ಜಾಸ್ತಿ.

ನನ್ನ ಪುಸ್ತಕದಲ್ಲಿ ಮೊದಲ ವಾರವೇ ಕಂಡದ್ದು ಕಾಫಿ. ಸಂಜೆ ಐದೂವರೆಗೆ ಒಂದು ದೊಡ್ಡ ಲೋಟ ಫಿಲ್ಟರ್ ಕಾಫಿ. ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಯಷ್ಟು ಬೇಕು. ಅಂದರೆ ಹತ್ತೂವರೆಗೆ ನಾನು ಹಾಸಿಗೆಗೆ ಹೋದಾಗ ಅರ್ಧ ಲೋಟ ಕಾಫಿ ಇನ್ನೂ ಮೈಯಲ್ಲೇ ಇತ್ತು. ಚಿಕೋರಿಯಲ್ಲಿ ಕೆಫೀನ್ ಇಲ್ಲ ನಿಜ, ಆದರೆ ಜೊತೆಗಿರುವ ಕಾಫಿಪುಡಿಯಲ್ಲಿ ಇದೆಯಲ್ಲ. ಈಗ ಮಧ್ಯಾಹ್ನ ಎರಡರ ಮೇಲೆ ಕಾಫಿ ಇಲ್ಲ. ಸಂಜೆಗೆ ಕಷಾಯ. ನಾಲ್ಕು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜೀರಿಗೆ, ಅರ್ಧ ಪಾಲು ಮೆಂತ್ಯ. ಹುರಿದು ಪುಡಿ ಮಾಡಿಟ್ಟರೆ ತಿಂಗಳು ಬರುತ್ತದೆ. ಒಂದು ಚಮಚ ಪುಡಿ, ಬೆಲ್ಲ, ನೀರು, ಹಾಲು. ಕಷಾಯ ನಿದ್ದೆ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ಕಾಫಿಯ ಜಾಗದಲ್ಲಿ ಕೂತಿರುತ್ತದೆ, ಅದೇ ಅದರ ದೊಡ್ಡ ಉಪಕಾರ.

ಇನ್ನೊಂದು ವಿಷಯ. ಎಷ್ಟೇ ತಡವಾಗಿ ನಿದ್ದೆ ಬಂದಿದ್ದರೂ ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ನನ್ನದು ಐದೂವರೆ. ಎದ್ದವಳು ಅಂಗಳಕ್ಕೆ ಬಂದು ಬೆಳಕಿನಲ್ಲಿ ಅರ್ಧ ಗಂಟೆ ಕಸ ಗುಡಿಸಿ, ಹೂ ಕೊಯ್ಯುತ್ತೇನೆ. ನನ್ನ ಎರಡು ಗಂಟೆಯ ಎಚ್ಚರ ಕಮ್ಮಿಯಾದದ್ದರಲ್ಲಿ ಇದರ ಪಾಲೇ ಜಾಸ್ತಿ ಅಂತ ನನ್ನ ನಂಬಿಕೆ. ಇದನ್ನು ಬಿಟ್ಟು ಬರೀ ಬೇರು ನಾರು ಹುಡುಕಿದರೆ ಪ್ರಯೋಜನ ಇಲ್ಲ.

ಜಾಯಿಕಾಯಿ ಹಾಲು

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಇದು ಅತ್ತೆ ಕಲಿಸಿದ್ದು.

ಪುಡಿ ತರಬೇಡಿ. ಇಡೀ ಕಾಯಿ ತನ್ನಿ. ಕೈಯಲ್ಲಿ ಭಾರ ಅನಿಸಬೇಕು. ಹುಳುವಿನ ತೂತು, ಬೂಷ್ಟು ಇರಬಾರದು. ಸೂಜಿ ಚುಚ್ಚಿದರೆ ಸ್ವಲ್ಪ ಎಣ್ಣೆ ಜಿನುಗಿದರೆ ಒಳ್ಳೆಯ ಕಾಯಿ. ತೇಯುವ ಕಲ್ಲನ್ನು ತೊಳೆದು, ಮೇಲೆ ನಾಲ್ಕು ಹನಿ ಹಾಲು ಹಾಕಿ. ಕಾಯಿಯನ್ನು ಹಗುರವಾಗಿ ಹಿಡಿದು ಎಂಟು ಹತ್ತು ಸುತ್ತು ತೇಯಿರಿ. ಗಂಧ ತೇಯ್ದ ಹಾಗೆ ತೆಳುವಾಗಿ ಬರುತ್ತದೆ. ಕಿರುಬೆರಳ ಉಗುರಿನ ಮೇಲೆ ನಿಲ್ಲುವಷ್ಟು ಬಂದರೆ ನಿಲ್ಲಿಸಿ. ಅದನ್ನು ಅರ್ಧ ಲೋಟ ಬೆಚ್ಚಗಿನ ಹಾಲಿಗೆ ಕಲಸಿ. ಕಲ್ಲು ಇಲ್ಲದವರು ಸಣ್ಣ ತುರಿಮಣೆಯಲ್ಲಿ ಎರಡು ಸಲ ಎಳೆದರೆ ಸಾಕು. ಒಂದು ಚಿಟಿಕೆ. ಕಾಲು ಚಮಚಕ್ಕಿಂತ ತುಂಬಾ ಕಮ್ಮಿ.

ಕುಡಿಯುವುದು ಮಲಗುವುದಕ್ಕೆ ಒಂದು ಗಂಟೆ ಮೊದಲು. ಇದು ನಿಧಾನವಾಗಿ ಕೆಲಸ ಮಾಡುವ ವಸ್ತು. ಜಾಸ್ತಿ ತಿಂದರೆ ಅದರ ವಿಷ ತೋರುವುದಕ್ಕೂ ಮೂರರಿಂದ ಆರು ಗಂಟೆ ಬೇಕು. ನಾನು ತಪ್ಪಿದ್ದು ಅಲ್ಲೇ. ಈಗ ಕುಡಿದೆ, ಈಗ ಏನೂ ಆಗಲಿಲ್ಲ ಅಂತ ಇನ್ನೊಂದು ಸಲ ಹಾಕಿಕೊಂಡೆ. ಅದರಲ್ಲಿ ಮಿರಿಸ್ಟಿಸಿನ್ ಎಂಬ ಎಣ್ಣೆಯ ಅಂಶ ಇದೆ. ಒಂದು ಕಾಯಿ ಐದರಿಂದ ಏಳು ಗ್ರಾಂ ತೂಗುತ್ತದೆ. ಐದು ಗ್ರಾಂ ಹೊಟ್ಟೆಗೆ ಹೋದರೆ ಎದೆಬಡಿತ, ಬಾಯಿ ಒಣಗುವುದು, ಇಲ್ಲದ್ದು ಕಾಣುವುದು, ಎಲ್ಲ ಆಗಬಹುದು. ಹಾಗಾಗಿ ಒಂದು ರಾತ್ರಿಗೆ ಒಂದೇ ಸಲ. ನಿದ್ದೆ ಬರಲಿಲ್ಲ ಅಂದರೆ ಸುಮ್ನೆ ಎದ್ದು ಮಂದ ದೀಪದಲ್ಲಿ ಕೂತಿರಿ, ಕಲ್ಲಿನ ಹತ್ತಿರ ಮತ್ತೆ ಹೋಗಬೇಡಿ.

ನಾನು ವಾರಕ್ಕೆ ಮೂರು ದಿನ ಕುಡಿಯುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ಗರ್ಭಿಣಿಯರು ಬೇಡ. ಮನಸ್ಸಿನ ತೊಂದರೆಗೆ, ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬೇಡ. ಎಳೆ ಮಗುವಿಗಂತೂ ಕೊಡಲೇಬೇಡಿ. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ಮಗುವಿಗೆ ನೆಕ್ಕಿಸುವ ರೂಢಿ ನಮ್ಮ ಕಡೆ ಇದೆ ಅಲ್ವಾ, ಅದು ನನಗೆ ಬಹಳ ನೋವು ಕೊಡುವ ವಿಷಯ. ಮಗು ಅಳದೆ ಮಲಗಿತು ಅಂತ ಮನೆಯವರಿಗೆ ಸಮಾಧಾನ. ಆ ಪುಟ್ಟ ಮೈಗೆ ಎಷ್ಟು ಹೋಯಿತು ಅಂತ ಅಳೆಯುವವರು ಯಾರು? ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ.

ಹಾಲಿನ ಬಗ್ಗೆ ಒಂದು ಮಾತು. ಆಯುರ್ವೇದದಲ್ಲಿ ನಿದ್ದೆಗೆ ಎಮ್ಮೆ ಹಾಲನ್ನು ಹೇಳುತ್ತಾರೆ. ನಮ್ಮ ಮನೆಯಲ್ಲಿ ಎಮ್ಮೆ ಇದ್ದಾಗ ಅದನ್ನೇ ಕುಡಿಯುತ್ತಿದ್ದೆವು. ಈಗ ಪ್ಯಾಕೆಟ್ ಹಾಲು. ನನಗೆ ವ್ಯತ್ಯಾಸ ಕಂಡಿಲ್ಲ. ಬೆಚ್ಚಗಿರಬೇಕು, ಸಕ್ಕರೆ ಕಮ್ಮಿ ಇರಬೇಕು, ಅರ್ಧ ಲೋಟ ಮೀರಬಾರದು. ಮೀರಿದರೆ ಬಚ್ಚಲಿಗೆ ಹೋಗಲು ಎಚ್ಚರ ಆಗುತ್ತದೆ.

ಗಸಗಸೆ

ಹಬ್ಬದ ಊಟದಲ್ಲಿ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಜಗಲಿ ತುಂಬಾ ಮಲಗಿದವರನ್ನು ನೋಡದ ಕನ್ನಡಿಗರು ಯಾರಿದ್ದಾರೆ? ಅದರಲ್ಲಿ ಒಬ್ಬಟ್ಟಿನದೂ ಪಾಲಿದೆ ಬಿಡಿ. ರಾತ್ರಿಗೆ ಬೇಕಾದರೆ ಪಾಯಸದಷ್ಟು ಗಟ್ಟಿ ಬೇಡ. ಇಬ್ಬರಿಗೆ ಎರಡು ಚಮಚ ಗಸಗಸೆ, ಒಂದು ಚಮಚ ಅಕ್ಕಿ. ಎರಡನ್ನೂ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬೆಚ್ಚಗೆ ಮಾಡಿ, ಬಣ್ಣ ತಿರುಗಬಾರದು. ಅರ್ಧ ಗಂಟೆ ನೆನೆಸಿ. ಎರಡು ಚಮಚ ತೆಂಗಿನ ತುರಿ, ಒಂದು ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ. ಬೆಲ್ಲದ ನೀರಿಗೆ ಹಾಕಿ ಕೈ ಬಿಡದೆ ತಿರುವುತ್ತಾ ಒಂದು ಕುದಿ ಬರಿಸಿ. ಇಳಿಸಿ ಆರಿದ ಮೇಲೆ ಹಾಲು ಬೆರೆಸಿ. ಬಿಸಿ ಬೆಲ್ಲಕ್ಕೆ ಹಾಲು ಹಾಕಿದರೆ ಒಡೆಯುತ್ತದೆ. ಸಣ್ಣ ಲೋಟದಲ್ಲಿ ಒಂದು ಲೋಟ. ವಾರಕ್ಕೊಮ್ಮೆ ಸಾಕು.

ಗಸಗಸೆ ಅಫೀಮು ಗಿಡದ ಬೀಜ ಎಂಬುದು ನೆನಪಿರಲಿ. ನಮ್ಮ ದೇಶದಲ್ಲಿ ಆ ಗಿಡವನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಇದ್ದವರು ಮಾತ್ರ ಬೆಳೆಯುತ್ತಾರೆ. ಬೀಜದೊಳಗೆ ಅಫೀಮು ಇಲ್ಲ. ಅಫೀಮು ಇರುವುದು ಕಾಯಿಯ ಹಾಲಿನಲ್ಲಿ. ಅದು ಬೀಜದ ಸಿಪ್ಪೆಗೆ ಒಂದಿಷ್ಟು ಅಂಟಿರುತ್ತದೆ, ತೊಳೆದಾಗ ಬಹುಪಾಲು ಹೋಗುತ್ತದೆ. ಆದರೂ ಕೆಲಸಕ್ಕೆ ಸೇರುವಾಗ ಮೂತ್ರ ಪರೀಕ್ಷೆ ಇದ್ದರೆ ಒಂದೆರಡು ದಿನ ಮೊದಲು ಪಾಯಸ ಬೇಡ, ಮೂತ್ರದಲ್ಲಿ ಅಫೀಮಿನ ಮಾರ್ಫಿನ್ ಇದೆ ಎಂದು ತೋರಿಸಬಹುದು. ಇನ್ನೂ ಮುಖ್ಯವಾದದ್ದು: ದುಬೈ, ಸೌದಿ, ಸಿಂಗಾಪುರಕ್ಕೆ ಹೋಗುವ ಮಕ್ಕಳ ಸೂಟ್‌ಕೇಸಿಗೆ ಪ್ರೀತಿಯಿಂದ ಗಸಗಸೆ ಪೊಟ್ಟಣ ಹಾಕಬೇಡಿ. ಅಲ್ಲಿ ಅದು ನಿಷೇಧ. ಮಸಾಲೆ ಪುಡಿಯಲ್ಲಿ ಸೇರಿದೆಯೇ ಎಂದೂ ನೋಡಿ.

ಅಶ್ವಗಂಧ

ಈಗ ಎಲ್ಲರ ಕೈಯಲ್ಲೂ ಇದೇ ಡಬ್ಬಿ. ನಮ್ಮ ಹಿರಿಯರು ಹಿರೇಮದ್ದಿನ ಬೇರು ಅನ್ನುತ್ತಿದ್ದರು. ಹಸಿ ಬೇರಿಗೆ ಕುದುರೆಯ ವಾಸನೆ, ಅದಕ್ಕೇ ಅಶ್ವಗಂಧ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ವಿಥಾನಿಯ ಸೋಮ್ನಿಫೆರ. ಸೋಮ್ನಿಫೆರ ಎಂದರೆ ನಿದ್ದೆ ತರುವಂಥದ್ದು. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಜಾಸ್ತಿ ಬೆಳೆಯುತ್ತಾರೆ.

ನಿದ್ದೆಗೆ ಇದರ ಮೇಲೆ ಸಣ್ಣ ಸಣ್ಣ ಪರೀಕ್ಷೆಗಳು ಆಗಿವೆ, ಸ್ವಲ್ಪ ಪ್ರಯೋಜನ ಕಂಡಿದೆ. ಸ್ವಲ್ಪ ಎಂಬುದನ್ನು ಒತ್ತಿ ಹೇಳುತ್ತೇನೆ. ಮೊದಲ ರಾತ್ರಿಯೇ ಗೊತ್ತಾಗುವುದಿಲ್ಲ. ಆರರಿಂದ ಎಂಟು ವಾರ ತೆಗೆದುಕೊಂಡು ಆ ನೋಟ್‌ಬುಕ್ ನೋಡಿದರೆ ಗೊತ್ತಾಗುತ್ತದೆ. ನನಗೆ ರಾತ್ರಿಯ ಎಚ್ಚರ ಮೂರು ಸಲದಿಂದ ಎರಡು ಸಲಕ್ಕೆ ಇಳಿಯಿತು.

ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. ಬೇರು ಎಂದು ಬರೆದಿರಬೇಕು. ಎಲೆ ಸೇರಿದ್ದು ಬೇಡ. ಪುಡಿಯೋ ಸಾರವೋ (ಎಕ್ಸ್‌ಟ್ರಾಕ್ಟ್) ನೋಡಿ. ಇವೆರಡೂ ಒಂದೇ ಅಂದುಕೊಂಡೇ ಎಷ್ಟೋ ಜನ ತಪ್ಪುತ್ತಾರೆ. ಬೇರಿನ ಪುಡಿ ಆದರೆ ಒಂದು ಸಣ್ಣ ಚಮಚ, ಸುಮಾರು ಮೂರು ಗ್ರಾಂ, ರಾತ್ರಿ ಊಟದ ನಂತರ ಹಾಲಿನಲ್ಲಿ. ಸಾರದ ಕ್ಯಾಪ್ಸೂಲ್ ಆದರೆ 300 ಮಿಲಿಗ್ರಾಂ ಒಂದು. ಪರೀಕ್ಷೆಗಳಲ್ಲಿ ದಿನಕ್ಕೆ 600ರವರೆಗೆ ಕೊಟ್ಟಿದ್ದಾರೆ, ಆದರೆ ಮನೆಯಲ್ಲಿ ಶುರು ಮಾಡುವವರು ಒಂದರಿಂದಲೇ ಶುರು ಮಾಡಿ. ಮೂರು ತಿಂಗಳಾದ ಮೇಲೆ ನಾನು ನಿಲ್ಲಿಸುತ್ತೇನೆ.

ಇದು ಎಲ್ಲರಿಗೂ ಆಗುವುದಿಲ್ಲ. ನಮ್ಮ ಪಕ್ಕದ ಮನೆಯಾಕೆ ಥೈರಾಯ್ಡ್ ಮಾತ್ರೆಯ ಮೇಲಿದ್ದವರು. ಯಾರೋ ಹೇಳಿದರು ಅಂತ ಶುರು ಮಾಡಿದರು. ತಿಂಗಳೊಳಗೆ ಕೈ ನಡುಕ, ಎದೆಬಡಿತ, ಇದ್ದ ನಿದ್ದೆಯೂ ಹೋಯಿತು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಲಿವರ್‌ಗೆ ಪೆಟ್ಟಾದ ವರದಿಗಳೂ ಹಲವು ದೇಶಗಳಿಂದ ಬಂದಿವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮೈಯೆಲ್ಲ ತುರಿಕೆ ಕಂಡರೆ ಅದೇ ದಿನ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ದೂರ ಇರಿ. ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಡಾಕ್ಟರಿಗೆ ಹೇಳಿಯೇ ಮುಂದುವರಿಯಿರಿ.

ಉಳಿದವು

ಒಂದೆಲಗ. ತುಳುವಿನಲ್ಲಿ ತಿಮರೆ. ಬಾವಿಕಟ್ಟೆಯ ಹತ್ತಿರ ತಾನಾಗಿ ಹಬ್ಬಿರುತ್ತದೆ. ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಹಾಕಿದರೆ ತಂಬುಳಿ. ಮಧ್ಯಾಹ್ನದ ಅನ್ನಕ್ಕೆ. ಇದನ್ನು ನಿದ್ದೆ ಔಷಧಿ ಅಂತ ತಿನ್ನಬೇಡಿ, ಊಟ ಅಂತ ತಿನ್ನಿ. ಅಂಗಡಿಯಲ್ಲಿ ಬ್ರಾಹ್ಮಿ ಅಂತ ಸಿಗುವ ಕ್ಯಾಪ್ಸೂಲ್ ಬೇರೆ ಗಿಡ ಇರಬಹುದು. ನೀರು ಬ್ರಾಹ್ಮಿಗೂ ಒಂದೆಲಗಕ್ಕೂ ಜನ ಒಂದೇ ಹೆಸರು ಹೇಳುತ್ತಾರೆ. ನೀರು ಬ್ರಾಹ್ಮಿ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳಸುತ್ತದೆ.

ಕ್ಯಾಮೊಮೈಲ್ ಟೀ ಹಗುರವಾದದ್ದು, ಕುಡಿಯಬಹುದು. ಅದು ಸೇವಂತಿಗೆಯ ಬಳಗದ ಹೂ. ಸೇವಂತಿಗೆ ಮುಟ್ಟಿದರೆ ಸೀನು, ತುರಿಕೆ ಬರುವವರಿಗೆ ಆಗುವುದಿಲ್ಲ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಬೇಡ.

ಜಟಾಮಾಂಸಿಯನ್ನು ನಾನು ಕೊಳ್ಳುವುದಿಲ್ಲ. ಹಿಮಾಲಯದಲ್ಲಿ ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿ ಬೆಳೆಯುವ ಗಿಡ. ಬೇರಿಗಾಗಿ ಕಿತ್ತು ಕಿತ್ತು ಅಳಿವಿನ ಅಂಚಿಗೆ ಬಂದಿದೆ. ನನ್ನ ಒಂದು ರಾತ್ರಿಯ ನಿದ್ದೆಗೆ ಅಷ್ಟು ದೂರದ ಗಿಡವನ್ನು ಬುಡಸಮೇತ ಕೀಳಿಸಲು ಮನಸ್ಸು ಒಪ್ಪುವುದಿಲ್ಲ.

ಸರ್ಪಗಂಧದ ಬಗ್ಗೆ ಒಂದೇ ಮಾತು: ಮನೆಯಲ್ಲಿ ಬೇಡ. ನಮ್ಮ ಕಾಡಿನಲ್ಲಿ ಇದೆ, ಯಾರೋ ಬೇರು ತಂದುಕೊಡುತ್ತಾರೆ. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರಿಂದಲೇ ರೆಸರ್ಪಿನ್ ಎಂಬ ಬಿಪಿ ಔಷಧಿ ಬೇರ್ಪಡಿಸಿದರು. ಅಷ್ಟು ಬಲವಾದ ಬೇರು ಅದು. ಬಿಪಿ ಕೆಳಗೆ ಬೀಳುತ್ತದೆ, ಮನಸ್ಸು ಕುಗ್ಗುತ್ತದೆ.

ಮೆಲಟೋನಿನ್ ಗಿಡದ್ದಲ್ಲ. ಕತ್ತಲಾದಾಗ ನಮ್ಮ ಮಿದುಳೇ ಮಾಡುವ ಹಾರ್ಮೋನು. ಬೆಂಗಳೂರಿನಲ್ಲಿ ಅಮೆರಿಕದ ಶಿಫ್ಟ್ ಮಾಡುವ ನನ್ನ ತಂಗಿಯ ಮಗಳು ಅದರ ಹತ್ತು ಮಿಲಿಗ್ರಾಂನ ಗಮ್ಮಿ, ಅಂದರೆ ಮಿಠಾಯಿಯಂತೆ ಅಗಿಯುವ ಮಾತ್ರೆ, ತಿನ್ನುತ್ತಿದ್ದಳು. "ದೊಡ್ಡಮ್ಮಾ, ಮಧ್ಯಾಹ್ನದವರೆಗೂ ತಲೆ ಭಾರ" ಅಂದಳು. ಮೈಯ ಗಡಿಯಾರ ತಿರುಗಿಸಲು ಅರ್ಧದಿಂದ ಮೂರು ಮಿಲಿಗ್ರಾಂ ಸಾಕು, ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು. ಗಮ್ಮಿಯಲ್ಲಿ ಬರೆದಷ್ಟೇ ಇರುತ್ತದೆ ಅಂತಲೂ ನಂಬಬೇಡಿ. 2017ರಲ್ಲಿ ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷೆ ಮಾಡಿದಾಗ ಒಂದರಲ್ಲಿ ಬರೆದದ್ದಕ್ಕಿಂತ ಶೇಕಡಾ 83 ಕಮ್ಮಿ, ಇನ್ನೊಂದರಲ್ಲಿ ಶೇಕಡಾ 478 ಜಾಸ್ತಿ ಇತ್ತು. ಅವಳು ಈಗ ಡಾಕ್ಟರು ಬರೆದುಕೊಟ್ಟ ಮೂರು ಮಿಲಿಗ್ರಾಂ ಮಾತ್ರೆಯನ್ನು ಶಿಫ್ಟ್ ಬದಲಾದ ವಾರ ಮಾತ್ರ ತೆಗೆದುಕೊಳ್ಳುತ್ತಾಳೆ.

ಮೆಗ್ನೀಸಿಯಂಗೆ ರಾಗಿ, ಎಳ್ಳು, ಕುಂಬಳದ ಬೀಜ ತಿನ್ನಿ. ಮಾತ್ರೆಯೇ ಬೇಕೆಂದರೆ ಕಿಡ್ನಿ ಸರಿ ಇದೆಯೇ ನೋಡಿಸಿಕೊಂಡು. ಆಕ್ಸೈಡ್ ರೂಪದ್ದು ಭೇದಿ ಮಾಡಿಸುತ್ತದೆ.

ಕೊನೆಗೆ ನನ್ನ ಇಷ್ಟದ್ದು, ಹೊಟ್ಟೆಗೆ ಹೋಗದ್ದು. ಹರಳೆಣ್ಣೆ ಬೆಚ್ಚಗೆ ಮಾಡಿ ಅಂಗಾಲಿಗೆ ಹತ್ತು ನಿಮಿಷ ತಿಕ್ಕುವುದು. ಪಾದ ಬೆಚ್ಚಗಾದರೆ ಮೈಯೊಳಗಿನ ಶಾಖ ಹೊರಗೆ ಹೋಗುತ್ತದೆ, ಒಳಗೆ ತಂಪಾಗುತ್ತದೆ, ನಿದ್ದೆಗೆ ಅದೇ ಬೇಕು. ಅತ್ತೆಗೆ 84 ವರ್ಷ, ನಾನೇ ತಿಕ್ಕುತ್ತೇನೆ. ಮುಗಿದ ಮೇಲೆ ಒರೆಸಿ ಕಾಲುಚೀಲ ಹಾಕಿ. ಎಣ್ಣೆ ಕಾಲಿನಲ್ಲಿ ರಾತ್ರಿ ಎದ್ದು ಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಎಷ್ಟು ಸಲ ಮಂಚಕ್ಕೆ ಎತ್ತಿದ್ದೇನೋ.

ಸೊಪ್ಪು ಬೇರು ಸಾಲದಿದ್ದಾಗ

ಒಂದು ಸಲಕ್ಕೆ ಒಂದೇ ಶುರು ಮಾಡಿ. ಎರಡು ಮೂರು ಸೇರಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ತೊಂದರೆ ಮಾಡಿತು ಗೊತ್ತಾಗುವುದಿಲ್ಲ. ಡಾಕ್ಟರು ಕೊಟ್ಟ ನಿದ್ದೆ ಮಾತ್ರೆ ಈಗಾಗಲೇ ಇದ್ದರೆ ಅದನ್ನು ಒಮ್ಮೆಲೇ ಬಿಟ್ಟು ಇದಕ್ಕೆ ಬರಬೇಡಿ. ಅವರೇ ಹಂತ ಹಂತವಾಗಿ ಇಳಿಸಬೇಕು.

ನಮ್ಮನೆಯವರಿಗೆ ನಾನು ನಾಲ್ಕು ತಿಂಗಳು ಅಶ್ವಗಂಧದ ಹಾಲು ಕೊಟ್ಟೆ. ಬೆಳಗ್ಗೆ ಎದ್ದರೆ ಸುಸ್ತು, ಹಗಲು ತೂಕಡಿಕೆ ಹಾಗೇ ಇತ್ತು. ಒಂದು ರಾತ್ರಿ ನಾನೇ ಎಚ್ಚರ ಇದ್ದಾಗ ಕೇಳಿಸಿಕೊಂಡೆ. ಗೊರಕೆ ನಡುವೆ ಉಸಿರು ನಿಂತುಹೋಗುತ್ತಿತ್ತು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಬೆಚ್ಚಿಬಿದ್ದಂತೆ ಉಸಿರು. ಅದು ಬೇರೆಯೇ ಕಾಯಿಲೆ, ಸ್ಲೀಪ್ ಅಪ್ನಿಯಾ. ಈಗ ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿ ಮಲಗುತ್ತಾರೆ. ಯಾವ ಬೇರೂ ಅದಕ್ಕೆ ಮದ್ದಲ್ಲ. ಹಾಗೆಯೇ ರಾತ್ರಿ ಕಾಲು ಸುಮ್ಮನಿರಲಾರದೆ ಎಳೆಯುವ ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಫೆರಿಟಿನ್ ಪರೀಕ್ಷೆ ಮಾಡಿಸಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮನಸ್ಸಿನ ಭಾರದಿಂದ ನಿದ್ದೆ ಹೋಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ. ತಿನ್ನುತ್ತಿರುವ ಸೊಪ್ಪು, ಬೇರು, ಪುಡಿ ಎಲ್ಲವನ್ನೂ ಅದರಲ್ಲಿ ಬರೆದಿರಿ. ಆಪರೇಷನ್‌ಗೆ ಮೊದಲು ಫಾರಂ ತುಂಬಿಸುವಾಗ "ಬೇರೆ ಔಷಧಿ ಏನಾದರೂ ತಗೊಳ್ತೀರಾ ಅಮ್ಮಾ?" ಅಂತ ಕೇಳುತ್ತಿದ್ದೆ. ಇಲ್ಲ ಅನ್ನುತ್ತಿದ್ದರು. "ಕಷಾಯ, ಲೇಹ್ಯ, ಬೇರಿನ ಪುಡಿ?" ಅಂತ ಮತ್ತೆ ಕೇಳಿದರೆ, "ಹೂಂ, ಅದು ದಿನಾ ತಗೊಳ್ತೀನಿ. ಅದು ಔಷಧಿ ಅಲ್ವಲ್ಲ ಸಿಸ್ಟರ್?" ಮಂಪರು ತರುವ ಬೇರು ಮೈಯಲ್ಲಿದ್ದರೆ ಅನಸ್ತೇಷಿಯಾ ಕೊಡುವವರಿಗೆ ಅದು ಗೊತ್ತಿರಲೇಬೇಕು. ಆಪರೇಷನ್ ದಿನ ಗೊತ್ತಾದ ಕೂಡಲೇ ಹೇಳಿ. ಎರಡು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ.